ಪುಟ್ಟ ನಾಯಿಮರಿ ತರುವ ಮುನ್ನ

ಶಿಟ್ಜು, ಪಗ್ ಮರಿ ಬೇಕು, ಕೈಯಲ್ಲಿ ದುಡ್ಡು ಕಡಿಮೆ ಅನ್ನುವವರು ಮೊದಲು ತಾಯಿನಾಯಿಯನ್ನು ನೋಡಿ. ಮರಿ ಹುಟ್ಟಿದ ಜಾಗಕ್ಕೇ ಹೋಗಿ. ಬಸ್ ಸ್ಟ್ಯಾಂಡಿಗೆ ತಂದುಕೊಡ್ತೀವಿ ಅನ್ನುವವರಿಗೆ ಮುಂಗಡ ಕಳಿಸಲೇಬೇಡಿ. ತಾಯಿ ಬಡಕಲಾಗಿ ಮೂಲೆಯಲ್ಲಿ ಮುದುಡಿ ಕೂತಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ವಾಪಸ್ ಬನ್ನಿ. ಮರಿಯ ಬಾಲ ಎತ್ತಿ ನೋಡಿ, ಭೇದಿಯ ಕಲೆ ಇರಬಾರದು. ಒಸಡು ಬಿಳಿಚಿಕೊಂಡಿರಬಾರದು. ಭೇದಿ ತರುವ ಪಾರ್ವೊ ವೈರಸ್ ತಗುಲಿದರೆ ಮರಿಯ ಬೆಲೆಗಿಂತ ಡ್ರಿಪ್ಪಿನ ಖರ್ಚೇ ಹೆಚ್ಚಾದೀತು, ಜೀವ ಉಳಿಯುವ ಖಾತ್ರಿಯೂ ಇಲ್ಲ.

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎನ್ನುತ್ತದೆ 2017ರ ಕೇಂದ್ರ ನಿಯಮ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪತ್ರ, ಲಸಿಕೆ ಕಾರ್ಡು ಕೇಳಿ. ತೋರಿಸಲು ಮೀನಮೇಷ ಎಣಿಸಿದರೆ ಅಲ್ಲಿಗೇ ಬಿಡಿ. ದುಡ್ಡು ಸಾಲದಿದ್ದರೆ ಬೆಂಗಳೂರಿನ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳಲ್ಲಿ ದತ್ತು ಪಡೆಯುವ ಬಗ್ಗೆ ವಿಚಾರಿಸಿ. ಸಾಕಿದವರೇ ಬಿಟ್ಟುಹೋದ ಸಣ್ಣ ತಳಿಯ ನಾಯಿಗಳೂ ಅಲ್ಲಿಗೆ ಬರುತ್ತವೆ.