ಹುಳುವಿಗೆ ‘ಗೂಡು ಕಟ್ಟು’ ಅಂತ ಹೇಳುವವರು ಯಾರು?



ನಮ್ಮೂರಲ್ಲಿ ರೇಷ್ಮೆ ಹುಳು ಸಾಕದ ಮನೆ ಕಡಿಮೆ. ಹುಳು ನಾಲ್ಕು ಸಲ ಜ್ವರಕ್ಕೆ ಹೋಗಿ ಏಳುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಕಾಯಿಲೆ ಅಲ್ಲ. ಮೈ ಬೆಳೆದಷ್ಟು ಚರ್ಮ ಹಿಗ್ಗುವುದಿಲ್ಲ. ಅದಕ್ಕೆ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಇದ್ದು, ಹಳೇ ಚರ್ಮ ಕಳಚುತ್ತದೆ. ಇದೇ ಪೊರೆ ಬಿಡುವುದು. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಚೆನ್ನಾಗಿ ತಿಂದು ಹಣ್ಣಾಗುತ್ತದೆ. ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟಿ, ಒಳಗೆ ಇನ್ನೊಂದು ಸಲ ಪೊರೆ ಬಿಟ್ಟು ಕೋಶವಾಗುತ್ತದೆ.

ಈಗ ಪ್ರಶ್ನೆ. ನಾಲ್ಕು ಸಲ ಪೊರೆ ಬಿಟ್ಟರೂ ಹುಳು ಹುಳುವೇ. ಐದನೇ ಸಲ ಮಾತ್ರ ಕೋಶ ಆಗುವುದು ಯಾಕೆ?

ದಾರದ ಪ್ರಯೋಗ: ಪೋಲೆಂಡ್ ದೇಶದ ಕೊಪೆಚ್ ಎಂಬ ವಿಜ್ಞಾನಿ ಜಿಪ್ಸಿ ಪತಂಗದ ಕಂಬಳಿಹುಳುವಿನ ನಡುವಿಗೆ ದಾರ ಬಿಗಿದು ನೋಡಿದರು. ಕೊನೆಯ ಹಂತದ ಮೊದಲ ದಿನಗಳಲ್ಲಿ ಕಟ್ಟಿದರೆ ಮುಂಭಾಗ ಕೋಶ ಆಯ್ತು, ಹಿಂಭಾಗ ಹುಳುವಾಗಿಯೇ ಉಳಿಯಿತು. ತಡವಾಗಿ ಕಟ್ಟಿದರೆ ಎರಡೂ ಭಾಗ ಕೋಶ ಆಯ್ತು. ಅಂದರೆ ಮುಂಭಾಗದಿಂದ ಏನೋ ಒಂದು ರಸ ರಕ್ತದಲ್ಲಿ ಹಿಂದಕ್ಕೆ ಹರಿಯುತ್ತದೆ. ಬೇಗನೆ ಮಿದುಳನ್ನು ತೆಗೆದರೂ ಹುಳು ಕೋಶ ಆಗಲಿಲ್ಲ. ಇದನ್ನು ಅವರು 1917 ಮತ್ತು 1922ರಲ್ಲಿ ಬರೆದರು.

1940ರಲ್ಲಿ ಜಪಾನಿನ ಫುಕುಡಾ ರೇಷ್ಮೆ ಹುಳುವಿನ ಎದೆಯಲ್ಲಿರುವ ಗ್ರಂಥಿಯೇ ಈ ರಸ ಬಿಡುವುದು ಎಂದು ತೋರಿಸಿದರು. ಗ್ರಂಥಿಗೆ ಸೂಚನೆ ಕೊಡುವುದು ಮಿದುಳು. 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆ ಕೋಶದಿಂದ ಈ ಹಾರ್ಮೋನನ್ನು ಬೇರೆ ಮಾಡಿದರು. ಸಿಕ್ಕಿದ್ದು 25 ಮಿಲಿಗ್ರಾಂ ಮಾತ್ರ! ಲೆಕ್ಕ ಹಾಕಿ ನೋಡಿ, ಎರಡು ಕೋಟಿ ಪಾಲಿನಲ್ಲಿ ಒಂದು ಪಾಲು. ಇದರ ಹೆಸರು ಎಕ್ಡೈಸೋನ್.

ಎಳೆತನದ ಹಾರ್ಮೋನು: ತಲೆಯ ಹಿಂದಿನ ಇನ್ನೊಂದು ಪುಟ್ಟ ಗ್ರಂಥಿ ‘ಇನ್ನೂ ಹುಳುವಾಗಿಯೇ ಇರು’ ಎನ್ನುವ ಹಾರ್ಮೋನು ಬಿಡುತ್ತದೆ. 1938ರಲ್ಲಿ ಫ್ರಾನ್ಸಿನ ಬೂನಿಯೋಲ್ ಎಳೇ ರೇಷ್ಮೆ ಹುಳುವಿನಿಂದ ಆ ಗ್ರಂಥಿ ತೆಗೆದಾಗ, ಅದು ಬೇಗನೆ ಪುಟ್ಟ ಕೋಶವಾಯಿತು. ಎರಡು ಹಾರ್ಮೋನೂ ಇದ್ದರೆ ಹುಳು ಪೊರೆ ಬಿಟ್ಟು ದೊಡ್ಡ ಹುಳು ಆಗುತ್ತದೆ. ಕೊನೆಯ ಹಂತದಲ್ಲಿ ಎಳೆತನದ ಹಾರ್ಮೋನು ಇಳಿದುಹೋದಾಗ ಎಕ್ಡೈಸೋನ್ ಬಂದರೆ ಗೂಡು, ಕೋಶ. ಇದೇ ನಮ್ಮ ಪ್ರಶ್ನೆಗೆ ಉತ್ತರ.

ನಮಗೆ ಇದರಿಂದ ಏನು? ಎಳೆತನದ ಹಾರ್ಮೋನಿನ ಹಾಗೆಯೇ ಕೆಲಸ ಮಾಡುವ ಕೀಟನಾಶಕಗಳಿವೆ. ಬಿಳಿ ನೊಣಕ್ಕೆ ಹೊಡೆಯುವ ಪೈರಿಪ್ರಾಕ್ಸಿಫೆನ್ ಅಂಥದ್ದು. ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ನಮಗೆ ಕಾಣಿಸುವುದಿಲ್ಲ. ಹುಳು ತಕ್ಷಣ ಸಾಯುವುದೂ ಇಲ್ಲ. ಸೊಪ್ಪು ತಿನ್ನುತ್ತಲೇ ಇರುತ್ತೆ, ಆದರೆ ಗೂಡು ಕಟ್ಟುವುದಿಲ್ಲ. ತಿಂಗಳಿಡೀ ಸೊಪ್ಪು ಕೊಯ್ದು, ರಾತ್ರಿ ನಿದ್ದೆಗೆಟ್ಟು ಸಾಕಿದ್ದೆಲ್ಲ ಹೋಗುತ್ತದೆ. ಸಾಲ ಮಾತ್ರ ಉಳಿಯುತ್ತದೆ.

ಆದ್ದರಿಂದ ಗೆಳೆಯರೇ, ನಾವು ಮನೆಯಲ್ಲಿ ಹಿರಿಯರಿಗೆ ಎರಡು ಮಾತು ಹೇಳೋಣ.

1. ಔಷಧಿ ಹೊಡೆಯುವ ಮುಂಚೆ ಪಕ್ಕದ ಹೊಲದವರಿಗೆ ತಿಳಿಸಬೇಕು. ಗಾಳಿ ಸೊಪ್ಪಿನ ತೋಟದ ಕಡೆ ಬೀಸುತ್ತಿದ್ದರೆ ಹೊಡೆಯಬಾರದು.

2. ಔಷಧಿ ಹೊಡೆದ ಕೈಯಲ್ಲಿ, ಅದೇ ಬಟ್ಟೆಯಲ್ಲಿ ಹುಳು ಮನೆಗೆ ಹೋಗಬಾರದು.

ಹುಳುವಿನ ಮೈಯೊಳಗಿನ ಒಂದು ಕಣದಷ್ಟು ರಸದ ಮೇಲೆ ನಮ್ಮ ಮನೆಯ ಅನ್ನ ನಿಂತಿದೆ.

ನಿಮಗೊಂದು ಪ್ರಶ್ನೆ: ದಾರವನ್ನು ತಡವಾಗಿ ಕಟ್ಟಿದಾಗ ಹಿಂಭಾಗವೂ ಕೋಶ ಆಗಿದ್ದು ಯಾಕೆ? ಉತ್ತರ ಬರೆದು ನಮ್ಮ ವಿಜ್ಞಾನ ಮೇಷ್ಟ್ರಿಗೆ ಕೊಡಿ.

– ಏಳನೇ ತರಗತಿ