ನದಿಯ ಜಾಡು ಹಿಡಿದ ರೋಗ ಪತ್ತೇದಾರರು

ಮಕ್ಕಳೇ, ಒಂದು ಊರಿನಲ್ಲಿ ಇದ್ದಕ್ಕಿದ್ದಂತೆ ಹತ್ತಾರು ಜನರಿಗೆ ವಾಂತಿಭೇದಿ ಶುರುವಾಯಿತು ಎಂದುಕೊಳ್ಳಿ. ಆರೋಗ್ಯ ಇಲಾಖೆಯವರು ಬಂದು ಮೊದಲು ಏನು ಕೇಳುತ್ತಾರೆ? “ನೀವು ಕುಡಿಯುವ ನೀರು ಎಲ್ಲಿಯದು?” ಎಂದು ಕೇಳುತ್ತಾರೆ. ಈ ಪ್ರಶ್ನೆ ಒಂದು ಇಡೀ ದೇಶದ ರೋಗದ ಮೂಲವನ್ನು ಹೇಗೆ ಬಯಲು ಮಾಡಿತು ಎಂಬುದನ್ನು ಈಗ ತಿಳಿಯೋಣ.

ಕಾಲರಾ ಎಂದರೇನು?

ಕಾಲರಾ ರೋಗಕ್ಕೆ ಕಾರಣ ‘ವಿಬ್ರಿಯೊ ಕಾಲರೆ’ ಎಂಬ ಬ್ಯಾಕ್ಟೀರಿಯ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ಅಲ್ಪವಿರಾಮ ಚಿಹ್ನೆಯಂತೆ ಬಾಗಿರುತ್ತದೆ. ರೋಗಿಯ ಮಲ ಸೇರಿದ ನೀರು ಅಥವಾ ಆಹಾರದ ಮೂಲಕ ಇದು ಇನ್ನೊಬ್ಬರ ಕರುಳನ್ನು ಸೇರುತ್ತದೆ. ಅಲ್ಲಿ ಒಂದು ವಿಷವಸ್ತುವನ್ನು ಉತ್ಪತ್ತಿ ಮಾಡುತ್ತದೆ. ಆಗ ದೇಹದಲ್ಲಿರುವ ನೀರು ಮತ್ತು ಲವಣಗಳು ಭೇದಿಯಾಗಿ ಹೊರಹೋಗುತ್ತವೆ. ರೋಗ ತೀವ್ರವಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ.

ಅನೇಕ ದೇಶಗಳಿಗೆ ಹರಡುವ ಸಾಂಕ್ರಾಮಿಕ ರೋಗವನ್ನು ಜಾಗತಿಕ ಪಿಡುಗು ಎನ್ನುತ್ತಾರೆ. ಕಾಲರಾ ಹೀಗೆ ಹಲವು ಬಾರಿ ಹರಡಿದೆ. ಏಳನೆಯ ಪಿಡುಗು 1961ರಲ್ಲಿ ಇಂಡೋನೇಷ್ಯಾದಲ್ಲಿ ಆರಂಭವಾಯಿತು. 1970ರ ಹೊತ್ತಿಗೆ ಆಫ್ರಿಕಾವನ್ನೂ 1991ರಲ್ಲಿ ದಕ್ಷಿಣ ಅಮೆರಿಕಾದ ಪೆರು ದೇಶವನ್ನೂ ತಲುಪಿತು. ಅದು ಇಂದಿಗೂ ಮುಗಿದಿಲ್ಲ.

ಹೈಟಿಯಲ್ಲಿ ಏನಾಯಿತು?

ಭೂಪಟದಲ್ಲಿ ಕೆರಿಬಿಯನ್ ಸಮುದ್ರವನ್ನು ಹುಡುಕಿ. ಅಲ್ಲಿ ಕ್ಯೂಬಾದ ಪೂರ್ವಕ್ಕೆ ಹೈಟಿ ಎಂಬ ಪುಟ್ಟ ದೇಶವಿದೆ. 2010ರ ಜನವರಿ 12ರಂದು ಅಲ್ಲಿ ಭೀಕರ ಭೂಕಂಪವಾಯಿತು. ಲಕ್ಷಾಂತರ ಜನ ಮನೆ ಕಳೆದುಕೊಂಡು ಡೇರೆಗಳಲ್ಲಿ ವಾಸಿಸತೊಡಗಿದರು. ನಾನಾ ದೇಶಗಳಿಂದ ನೆರವು ಹರಿದು ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಲರಾ ಕಾಣಿಸಿಕೊಂಡಿತು. ಆಶ್ಚರ್ಯವೆಂದರೆ, ಅದಕ್ಕೆ ಹಿಂದಿನ ನೂರು ವರ್ಷಗಳಲ್ಲಿ ಹೈಟಿಯಲ್ಲಿ ಕಾಲರಾ ಇದ್ದ ದಾಖಲೆಯೇ ಇರಲಿಲ್ಲ! ಹಾಗಾದರೆ ಅದು ಎಲ್ಲಿಂದ ಬಂತು?

ಜಾಡು ಹಿಡಿದದ್ದು ಹೇಗೆ?

ರೋಗದ ಹರಡುವಿಕೆಯನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಪತ್ತೇದಾರರಂತೆ ಕೆಲಸ ಮಾಡಿದರು. ಯಾರಿಗೆ, ಯಾವಾಗ, ಎಲ್ಲಿ ರೋಗ ಬಂತು ಎಂಬ ಮೂರು ಪ್ರಶ್ನೆಗಳಿಗೆ ಆಸ್ಪತ್ರೆಗಳ ದಾಖಲೆಗಳಲ್ಲಿ ಉತ್ತರ ಹುಡುಕಿದರು. ಅದನ್ನು ನಕ್ಷೆಯ ಮೇಲೆ ಗುರುತಿಸಿದಾಗ ಒಂದು ಸಂಗತಿ ಎದ್ದು ಕಂಡಿತು. ಮೊದಲ ರೋಗಿಗಳು ಮಿರ್‌ಬಲೆ ಎಂಬ ಊರಿನ ಸುತ್ತಮುತ್ತಲಿನವರು. ಬಳಿಕ ರೋಗ ಆರ್ಟಿಬೊನೀಟ್ ನದಿಯ ಗುಂಟ ಕೆಳಕ್ಕೆ ಸಾಗಿತ್ತು. ಅಲ್ಲಿನ ಜನ ನದಿಯ ನೀರನ್ನೇ ಕುಡಿಯುತ್ತಿದ್ದರು, ಅದರಲ್ಲೇ ಸ್ನಾನ ಮಾಡುತ್ತಿದ್ದರು, ಗದ್ದೆಗೂ ಹಾಯಿಸುತ್ತಿದ್ದರು.

ಮಿರ್‌ಬಲೆಯ ಬಳಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಒಂದು ಶಿಬಿರವಿತ್ತು. ಅಲ್ಲಿದ್ದ ಸೈನಿಕರು ಆಗತಾನೆ ನೇಪಾಳದಿಂದ ಬಂದಿದ್ದರು. 2010ರಲ್ಲಿ ನೇಪಾಳದಲ್ಲಿ ಕಾಲರಾ ಇತ್ತು. ಶಿಬಿರದ ಮಲಿನ ನೀರು ನದಿಯ ಉಪನದಿಯೊಂದನ್ನು ಸೇರುವ ಸಂಭವವಿತ್ತು. ಇನ್ನೊಂದು ಸಾಕ್ಷ್ಯ ಪ್ರಯೋಗಾಲಯದಿಂದ ಬಂತು. ಹೈಟಿಯ ರೋಗಾಣುವಿನ ಡಿ.ಎನ್.ಎ.ಯನ್ನು ನೇಪಾಳದ ರೋಗಾಣುವಿನ ಡಿ.ಎನ್.ಎ. ಜೊತೆ ಹೋಲಿಸಿದಾಗ ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದವು.

2011ರಲ್ಲಿ ವಿಶ್ವಸಂಸ್ಥೆಯೇ ನಾಲ್ವರು ತಜ್ಞರ ಸಮಿತಿಯನ್ನು ನೇಮಿಸಿತು. ಅವರಲ್ಲಿ ಭಾರತದ ವಿಜ್ಞಾನಿ ಜಿ. ಬಾಲಕೃಷ್ ನಾಯರ್ ಒಬ್ಬರು. ಮನುಷ್ಯರ ಮಲದಿಂದ ನದಿ ಕಲುಷಿತವಾದದ್ದೇ ಕಾರಣ, ರೋಗಾಣು ದಕ್ಷಿಣ ಏಷ್ಯಾದ ತಳಿ ಎಂದು ಸಮಿತಿ ತಿಳಿಸಿತು. ಯಾರೂ ಬೇಕೆಂದು ರೋಗ ತಂದಿರಲಿಲ್ಲ. ಆದರೆ ಶೌಚದ ವ್ಯವಸ್ಥೆ ಸರಿಯಿಲ್ಲದ್ದರಿಂದ ಸಹಾಯಕ್ಕೆ ಬಂದವರಿಂದಲೇ ಹಾನಿಯಾಯಿತು. ಸುಮಾರು 8 ಲಕ್ಷ ಜನರಿಗೆ ರೋಗ ತಗಲಿತು. ಸುಮಾರು 10 ಸಾವಿರ ಜನ ಸತ್ತರು. 2016ರಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು.

ನೆರವು ಹೇಗೆ ಬಂತು?

ಕ್ಯೂಬಾದ ವೈದ್ಯರು, ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯವರು ಹಾಗೂ ಹೈಟಿಯ ದಾದಿಯರು ಹಗಲಿರುಳು ಚಿಕಿತ್ಸೆ ನೀಡಿದರು. ಅವರ ಮುಖ್ಯ ಔಷಧ ಯಾವುದು ಗೊತ್ತೇ? ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣ! ಉಪ್ಪಿನ ಜೊತೆ ಸಕ್ಕರೆಯ ಅಂಶವಿದ್ದರೆ ಕರುಳು ಉಪ್ಪು ಮತ್ತು ನೀರನ್ನು ಬೇಗ ಹೀರಿಕೊಳ್ಳುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಇದನ್ನು ಕುಡಿಸಿ, ನೂರು ರೋಗಿಗಳಲ್ಲಿ 30ರಷ್ಟಿದ್ದ ಸಾವನ್ನು 4ಕ್ಕಿಂತ ಕಡಿಮೆಗೆ ಇಳಿಸಿದ್ದರು.

2012ರಲ್ಲಿ ಹೈಟಿಯ ಸುಮಾರು ಒಂದು ಲಕ್ಷ ಜನರಿಗೆ ಬಾಯಿಯ ಮೂಲಕ ಲಸಿಕೆ ಹಾಕಲಾಯಿತು. ಆ ಲಸಿಕೆ ತಯಾರಾದದ್ದು ನಮ್ಮ ಹೈದರಾಬಾದಿನಲ್ಲಿ. 2013ರಲ್ಲಿ ತುರ್ತು ಬಳಕೆಗಾಗಿ ಕಾಲರಾ ಲಸಿಕೆಯ ಜಾಗತಿಕ ದಾಸ್ತಾನು ಆರಂಭವಾಯಿತು. ಅದೇ ವರ್ಷದಿಂದ ಯುನಿಸೆಫ್ ನೆರವಿನ ತಂಡಗಳು ರೋಗಿಗಳ ಮನೆಗೇ ಹೋಗಿ ನೀರಿಗೆ ಹಾಕುವ ಕ್ಲೋರಿನ್, ಸಾಬೂನು ಕೊಟ್ಟು ತಿಳಿವಳಿಕೆ ನೀಡಿದವು. 2019ರ ಫೆಬ್ರವರಿಯ ನಂತರ ಮೂರು ವರ್ಷಗಳಿಗೂ ಹೆಚ್ಚು ಕಾಲ ಹೈಟಿಯಲ್ಲಿ ಒಂದೂ ಖಚಿತ ಪ್ರಕರಣ ಕಾಣಲಿಲ್ಲ. ಆದರೆ 2022ರ ಅಕ್ಟೋಬರ್‌ನಲ್ಲಿ ಕಾಲರಾ ಮರಳಿತು. ಏಕೆಂದರೆ ಶುದ್ಧ ನೀರು, ಶೌಚಾಲಯಗಳ ಕೊರತೆ ನೀಗಿರಲಿಲ್ಲ. ಔಷಧಿ ರೋಗಿಯನ್ನು ಉಳಿಸುತ್ತದೆ. ಊರನ್ನು ಉಳಿಸುವುದು ಶುದ್ಧ ನೀರು.

ನೀವೇ ಮಾಡಿ ನೋಡಿ

1. ನಿಮ್ಮ ಊರಿನ ನಕ್ಷೆ ಬರೆಯಿರಿ. ಬೋರ್‌ವೆಲ್, ಬಾವಿ, ನಲ್ಲಿಗಳನ್ನು ನೀಲಿ ಬಣ್ಣದಲ್ಲಿ, ಚರಂಡಿ ಮತ್ತು ತಿಪ್ಪೆಗಳನ್ನು ಕೆಂಪು ಬಣ್ಣದಲ್ಲಿ ಗುರುತಿಸಿ. ಕೆಂಪು ನೀಲಿಗೆ ಹತ್ತಿರವಿರುವ ಜಾಗ ಯಾವುದು? ನಿಮ್ಮ ಶಿಕ್ಷಕರಿಗೆ ತೋರಿಸಿ.

2. ಹಿರಿಯರ ನೆರವಿನಿಂದ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು ಹಾಕಿ ಕಲಕಿ. ರುಚಿ ಕಣ್ಣೀರಿಗಿಂತ ಉಪ್ಪಾಗಿರಬಾರದು. ಭೇದಿಯಾದಾಗ ಪೊಟ್ಟಣ ಸಿಗದಿದ್ದರೆ ಇದನ್ನು ಕುಡಿಸುತ್ತಾ ರೋಗಿಯನ್ನು ಬೇಗ ಆಸ್ಪತ್ರೆಗೆ ಕರೆದೊಯ್ಯಬೇಕು.

ಯೋಚಿಸಿ ಉತ್ತರಿಸಿ

1. ರೋಗ ನದಿಯ ಮೇಲ್ಭಾಗಕ್ಕೆ ಹರಡದೆ ಕೆಳಭಾಗಕ್ಕೆ ಹರಡಿದ್ದರಿಂದ ವಿಜ್ಞಾನಿಗಳಿಗೆ ಏನು ತಿಳಿಯಿತು?

2. ಬೇರೆ ಊರಿಗೆ ಸಹಾಯಕ್ಕೆ ಹೋಗುವವರು ಯಾವ ಎಚ್ಚರ ವಹಿಸಬೇಕು?