ಬೀಜಕ್ಕೆ ಬೇಕಾದ ಬಿಸುಪು: ಟೊರಾಂಟೋದ ಕಿಟಕಿ, ಮರೋಳದ ಹಿತ್ತಲು

ತರಗತಿ: 8 | ವಿಷಯ: ವಿಜ್ಞಾನ | ಘಟಕ: ಬೆಳೆ ಉತ್ಪಾದನೆ ಮತ್ತು ನಿರ್ವಹಣೆ (ಪೂರಕ ಪಾಠ) | ಅವಧಿ: 40 ನಿಮಿಷಗಳ ಎರಡು ಅವಧಿ, ನಡುವೆ ಐದು ದಿನಗಳ ವೀಕ್ಷಣೆ

ಪಾಠದ ಹಿನ್ನೆಲೆ

ಬೀಜ ಮೊಳೆಯಲು ಏನೇನು ಬೇಕು ಎಂದು ಕೇಳಿದರೆ "ಗಾಳಿ, ನೀರು, ಸೂಕ್ತ ಉಷ್ಣತೆ" ಎಂದು ಇಡೀ ತರಗತಿ ಒಂದೇ ಉಸಿರಿನಲ್ಲಿ ಹೇಳುತ್ತದೆ. ಮೊದಲೆರಡನ್ನು ಮಕ್ಕಳು ಹೊಲದಲ್ಲಿ ಕಂಡಿದ್ದಾರೆ. ಮೂರನೆಯದು ಅವರಿಗೆ ಬರೀ ಕಂಠಪಾಠ. ಹುನಗುಂದ ಭಾಗದ ಮಕ್ಕಳಿಗೆ ನೆಲ ಹೆಪ್ಪುಗಟ್ಟುವ ಚಳಿ ಗೊತ್ತಿಲ್ಲ. ಬಿಸಿಲು ಯಾವಾಗಲೂ ಇರುವುದರಿಂದ ಅದನ್ನು ಅಳೆದು ನೋಡುವ ಅಗತ್ಯವೂ ಅವರಿಗೆ ಬಂದಿಲ್ಲ. ಚಳಿದೇಶದ ಮನೆತೋಟವೊಂದನ್ನು ನಮ್ಮ ಹಿತ್ತಲಿನ ಪಕ್ಕದಲ್ಲಿಟ್ಟು ನೋಡಿದರೆ ಈ ಮೂರನೆಯ ಅಂಶ ಕಣ್ಣಿಗೆ ಕಾಣುತ್ತದೆ ಎಂಬುದು ಈ ಪಾಠದ ಆಧಾರ.

ಕಲಿಕಾ ಫಲಗಳು

1. ಬೀಜ ಉಬ್ಬುವುದಕ್ಕೂ ಮೊಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಹೇಳುವರು.
2. ಒಂದೇ ಅಂಶವನ್ನು ಬದಲಿಸಿ, ಉಳಿದವನ್ನು ಸಮವಾಗಿಟ್ಟು ಪ್ರಯೋಗ ಮಾಡುವರು.
3. ತಮ್ಮ ಊರಿನ ಕೈತೋಟಕ್ಕೆ ಬಿತ್ತನೆಯ ಕಾಲವನ್ನು ಕಾರಣ ಸಹಿತ ಆರಿಸುವರು.

ಕಲಿಕೋಪಕರಣಗಳು: ಹೆಸರುಕಾಳು, ಮುಚ್ಚಳವಿರುವ ಎರಡು ಡಬ್ಬಿ, ಹಳೆಯ ಅರಿವೆ, ಪ್ರಯೋಗಾಲಯದ ಉಷ್ಣತಾಮಾಪಕ, ಒಂದು ಬುಟ್ಟಿ ಹೊಟ್ಟು, ಭೂಪಟ. ಫ್ರಿಜ್ ಶಾಲೆಯಲ್ಲಿ ಇಲ್ಲದಿದ್ದರೆ ಊರಿನ ಯಾವುದಾದರೂ ಅಂಗಡಿಯವರನ್ನು ಕೇಳಬಹುದು.

ತೊಡಗಿಸಿಕೊಳ್ಳುವಿಕೆ

"ಬಿತ್ತಿದ ಬೀಜ ಬರಲೇ ಇಲ್ಲ ಎಂಬ ಅನುಭವ ಯಾರಿಗಿದೆ?" ಎಂಬ ಪ್ರಶ್ನೆಗೆ ಅರ್ಧ ತರಗತಿ ಕೈ ಎತ್ತಿತು. ಬೇಸಿಗೆ ಸೂಟಿಯಲ್ಲಿ ಕೊತ್ತಂಬರಿ ಹಾಕಿದ್ದ ಹುಡುಗಿಯೊಬ್ಬಳು ಹೇಳಿದಳು: "ನಂದು ಒಂದೂ ಏಳಲಿಲ್ರಿ ಟೀಚರ್. ನನ್ನ ಕೈಗುಣ ಚಲೋ ಇಲ್ಲಂತ ನಮ್ಮವ್ವ ಅಂತಾಳ." ಈ ಮಾತನ್ನು ಕಪ್ಪುಹಲಗೆಯ ಮೂಲೆಯಲ್ಲಿ "ಕೈಗುಣವೋ? ಬೇರೆ ಕಾರಣವೋ?" ಎಂದು ಬರೆದು ಬಿಡಲಾಯಿತು. ಉತ್ತರ ಹೇಳುವ ಆತುರ ಬೇಡ. ಮಗು ತನ್ನನ್ನೇ ದೂರಿಕೊಳ್ಳುವ ಬದಲು ಕಾರಣ ಹುಡುಕಲು ಕಲಿಯಬೇಕು. ಈ ಪಾಠ ಇರುವುದೇ ಅದಕ್ಕೆ.

ಪರಿಶೋಧನೆ

ಒಂದೇ ಬೊಗಸೆ ಹೆಸರುಕಾಳನ್ನು ಎರಡು ಪಾಲು ಮಾಡಿ, ಒದ್ದೆ ಅರಿವೆಯಲ್ಲಿ ಸುತ್ತಿ, ಎರಡು ಡಬ್ಬಿಗಳಲ್ಲಿಟ್ಟು ಮುಚ್ಚಬೇಕು. ಒಂದು ಡಬ್ಬಿ ತರಗತಿಯಲ್ಲಿ, ಇನ್ನೊಂದು ಫ್ರಿಜ್‌ನಲ್ಲಿ. ಮೂರನೆಯ ದಿನ ಎರಡನ್ನೂ ಬಿಚ್ಚಿದಾಗ ತರಗತಿಯ ಕಾಳು ಉದ್ದ ಬೇರು ಬಿಟ್ಟಿತ್ತು. "ಫ್ರಿಜ್‌ನಾಗಿನ ಕಾಳು ಉಬ್ಯಾವ್ರಿ, ಮೊಳಕಿ ಒಡದಿಲ್ರಿ" ಎಂದು ಮಕ್ಕಳು ವರದಿ ಮಾಡಿದರು.

ಆಗ ಹಿಂದಿನ ಬೆಂಚಿನಿಂದ ಒಳ್ಳೆಯ ಆಕ್ಷೇಪಣೆ ಬಂತು: "ಫ್ರಿಜ್‌ನಾಗ ಕತ್ತಲ ಇರ್ತೈತಲ್ರಿ, ಅದಕ್ಕ ಬಂದಿರಲಿಕ್ಕಿಲ್ಲ." ಎರಡೂ ಡಬ್ಬಿಗಳಿಗೆ ಮುಚ್ಚಳ ಹಾಕಿದ್ದು ಏಕೆ ಎಂಬುದನ್ನು ತರಗತಿಯೇ ಇಲ್ಲಿ ಕಂಡುಕೊಂಡಿತು. ಕತ್ತಲು, ನೀರು, ಗಾಳಿ ಎರಡಕ್ಕೂ ಸಮ. ಬೇರೆಯಾಗಿದ್ದು ಉಷ್ಣತೆ ಮಾತ್ರ. ಫ್ರಿಜ್‌ನ ಕಾಳನ್ನು ಹೊರಗಿಟ್ಟಾಗ ಮುಂದಿನ ಎರಡು ದಿನಗಳಲ್ಲಿ ಹೆಚ್ಚಿನವು ಮೊಳೆತವು. ಅವು ಸತ್ತಿರಲಿಲ್ಲ, ಕಾಯುತ್ತಿದ್ದವು.

ವಿವರಣೆ

ನೀರು ಹೀರಿ ಉಬ್ಬುವುದು ಭೌತಿಕ ಕ್ರಿಯೆ. ಅದು ಚಳಿಯಲ್ಲೂ ನಡೆಯುತ್ತದೆ, ಸತ್ತ ಕಾಳಿನಲ್ಲೂ ನಡೆಯುತ್ತದೆ. ಮೊಳೆಯುವುದು ಜೀವಕ್ರಿಯೆ. ಬೀಜದೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸಿ ಭ್ರೂಣಕ್ಕೆ ಒದಗಿಸಬೇಕು. ಚಳಿಯಲ್ಲಿ ಕಿಣ್ವಗಳು ನಿಧಾನವಾಗುತ್ತವೆ. ಅತಿಯಾದ ಬಿಸಿಯಲ್ಲಿ ಅವುಗಳ ರಚನೆಯೇ ಕೆಡುತ್ತದೆ. ಆದ್ದರಿಂದ ಪ್ರತಿ ಬೀಜಕ್ಕೂ ಒಂದು ಕೆಳಮಿತಿ, ಒಂದು ಮೇಲ್ಮಿತಿ ಇದೆ. ಮೊಳಕೆ ನೆಲದ ಮೇಲೆ ಕಾಣಲು ಬೇಕಾಗುವ ಸುಮಾರು ದಿನಗಳು ಹೀಗಿವೆ:

ಮಣ್ಣಿನ ಉಷ್ಣತೆ 15°ಸೆ.: ಟೊಮೆಟೊ 14 ದಿನ, ಬೆಂಡೆ 27 ದಿನ
20°ಸೆ.: ಟೊಮೆಟೊ 8, ಬೆಂಡೆ 17
30°ಸೆ.: ಟೊಮೆಟೊ 6, ಬೆಂಡೆ 7
35°ಸೆ.: ಟೊಮೆಟೊ 9, ಬೆಂಡೆ 6

ಇದರ ನಕ್ಷೆಯನ್ನು ಮಕ್ಕಳಿಂದಲೇ ಬರೆಸಬೇಕು. 35 ಡಿಗ್ರಿಯಲ್ಲಿ ಟೊಮೆಟೊ ಮತ್ತೆ ತಡವಾಗುವುದು, ಬೆಂಡೆ ಇನ್ನೂ ಬೇಗ ಬರುವುದು ಅವರ ಕಣ್ಣಿಗೇ ಬೀಳುತ್ತದೆ.

ವಿಸ್ತರಣೆ: ಎರಡು ಊರು, ಒಂದೇ ಯುಗಾದಿ

ಭೂಪಟದಲ್ಲಿ ಮರೋಳದ ಭಾಗವನ್ನೂ (ಸುಮಾರು 16° ಉತ್ತರ) ಕೆನಡಾದ ಟೊರಾಂಟೋವನ್ನೂ (ಸುಮಾರು 44° ಉತ್ತರ) ಗುರುತಿಸಿ. ಟೊರಾಂಟೋದಲ್ಲಿ ಅನೇಕ ಕನ್ನಡ ಕುಟುಂಬಗಳಿವೆ. ಯುಗಾದಿಯ ಬೇವು-ಬೆಲ್ಲ ಅಲ್ಲೂ ಉಂಟು, ಆದರೆ ಆಗ ಹೊರಗೆ ನೆಲ ಇನ್ನೂ ತಣ್ಣಗಿರುತ್ತದೆ. ಮೇ ತಿಂಗಳ ಮೊದಲರ್ಧದವರೆಗೂ ಕೆಲವು ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯಬಹುದು. ಆಗ ಎಳೆಯ ಗಿಡದೊಳಗಿನ ನೀರು ಗಡ್ಡೆಗಟ್ಟಿ ಜೀವಕೋಶಗಳು ಹಾಳಾಗುತ್ತವೆ. ಅದಕ್ಕೆ ಅಲ್ಲಿಯವರು ಗಿಡ ಹೊರಗೆ ನೆಡುವ ಆರೆಂಟು ವಾರ ಮೊದಲೇ, ಮನೆಯೊಳಗೆ ದಕ್ಷಿಣದ ಕಿಟಕಿಯ ಬಳಿ, ಸಣ್ಣ ಕುಂಡಗಳಲ್ಲಿ ಟೊಮೆಟೊ ಸಸಿ ಮಾಡುತ್ತಾರೆ. ದಕ್ಷಿಣದ ಕಿಟಕಿಯೇ ಏಕೆ ಎಂದು ಕೇಳಿ. ಭೂಗೋಳದ ಪಾಠವೂ ಜೊತೆಗೂಡುತ್ತದೆ. ನೆಡುವ ಮುನ್ನ ವಾರ ಹತ್ತು ದಿನ ಸಸಿಗಳನ್ನು ದಿನಕ್ಕಿಷ್ಟು ಹೊತ್ತು ಹೊರಗಿಟ್ಟು ಗಾಳಿ-ಬಿಸಿಲಿಗೆ ಪಳಗಿಸುತ್ತಾರೆ. ನೆಲ ಬೇಗ ಕಾಯಲೆಂದು ಮಡಿಗಳನ್ನು ಎತ್ತರಿಸುತ್ತಾರೆ, ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಚಳಿ ತಡೆಯುವ ಬಟಾಣಿಯನ್ನು ಮಾತ್ರ ಇದಕ್ಕೆಲ್ಲ ಕಾಯದೆ ನೇರವಾಗಿ ನೆಲಕ್ಕೆ ಹಾಕುತ್ತಾರೆ.

ನಮ್ಮಲ್ಲಿ ಅದೇ ಯುಗಾದಿ ಬಿರುಬೇಸಿಗೆಯ ಬಾಗಿಲು. ಅವರು ನೆಲ ಕಾಯಿಸಿದರೆ ನಾವು ನೆಲ ತಣಿಸಬೇಕು. ಶಾಲೆಯ ಅಂಗಳದಲ್ಲಿ ಒಂದು ಗೇಣು ಜಾಗಕ್ಕೆ ಹೊಟ್ಟು ಹರಡಿ, ಪಕ್ಕದಲ್ಲಿ ಅಷ್ಟೇ ಜಾಗ ಬರಿದಾಗಿ ಬಿಡಿ. ಮಧ್ಯಾಹ್ನ ಎರಡೂ ಕಡೆ ಒಂದೇ ಆಳದಲ್ಲಿ ಉಷ್ಣತಾಮಾಪಕವಿಟ್ಟು ಮಕ್ಕಳೇ ಓದಲಿ. ಹೊಟ್ಟು, ಕಣಿಕಿಯ ಚಪ್ಪರ, ಸಂಜೆಯ ನೀರು ಇವೆಲ್ಲ ನಮ್ಮ "ಕಿಟಕಿ". ನೀರು ಉಳಿಸುವುದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ 24,000 ಹೆಕ್ಟೇರಿಗೆಂದು ರೂಪಿಸಿದ ರಾಮಥಾಳ-ಮರೋಳ ಹನಿ ನೀರಾವರಿಯ ಕೊಳವೆಗಳನ್ನು ಮಕ್ಕಳು ನೋಡಿಯೇ ಇರುತ್ತಾರೆ. ತಳದಲ್ಲಿ ಸೂಜಿತೂತು ಮಾಡಿದ ಬಾಟಲಿ ಹಿತ್ತಲಿನ ಹನಿ ನೀರಾವರಿ.

ಊರಿನ ರೂಢಿಯೂ ಇದನ್ನೇ ಹೇಳುತ್ತದೆ. ಹೆಸರು ಮುಂಗಾರಿಗೆ, ಕಡಲೆ ಹಿಂಗಾರಿಗೆ. ಹಾಗೆಯೇ ಬೇಸಿಗೆಯ ಹಿತ್ತಲಿಗೆ ಬೆಂಡೆ, ಚವಳಿ, ಸವತೆ ಒಗ್ಗುತ್ತವೆ. ಮೆಂತೆ, ಕೊತ್ತಂಬರಿಗೆ ಚಳಿಗಾಲವೇ ಸರಿ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿದರೆ ಟೊಮೆಟೊ ಹೂ ಬಿಟ್ಟರೂ ಕಾಯಿ ಕಟ್ಟುವುದು ಕಡಿಮೆ.

ಮೌಲ್ಯಮಾಪನ

1. ಬೀಜ ಉಬ್ಬಿದೆ, ಮೊಳೆತಿಲ್ಲ. ಸಂಭವನೀಯ ಎರಡು ಕಾರಣ ತಿಳಿಸಿ. ಯಾವುದು ನಿಜವೆಂದು ಹೇಗೆ ಪರೀಕ್ಷಿಸುವಿರಿ?
2. ಕಪ್ಪು ಹಾಳೆಯನ್ನು ಏಪ್ರಿಲ್‌ನಲ್ಲಿ ನಮ್ಮ ಮಡಿಗೆ ಹೊದಿಸಿದರೆ ಏನಾಗಬಹುದು?
3. ಟೊರಾಂಟೋದಲ್ಲಿ ಬೆಂಡೆಯನ್ನು ಏಪ್ರಿಲ್‌ನಲ್ಲಿ ಹೊರಗೆ ಬಿತ್ತುವುದಿಲ್ಲ, ಏಕೆ?
4. ಬೇಸಿಗೆಯಲ್ಲಿ ಏಳದ ಕೊತ್ತಂಬರಿಗೆ ಕೈಗುಣ ಕಾರಣವೇ? ಉತ್ತರವನ್ನು ಪ್ರಯೋಗದಿಂದ ಸಮರ್ಥಿಸಿ.

ಮನೆಗೆಲಸ: ಮನೆಯ ಹಿರಿಯರನ್ನು ಕೇಳಿ, ಐದು ತರಕಾರಿಗಳ ಬಿತ್ತನೆ ಕಾಲವನ್ನು ಮಳೆಯ ಹೆಸರಿನೊಂದಿಗೆ ಪಟ್ಟಿ ಮಾಡಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಸೋಮವಾರ ಆರಂಭಿಸಿದರೆ ಡಬ್ಬಿ ಬಿಚ್ಚುವ ದಿನ ಭಾನುವಾರಕ್ಕೆ ಬೀಳುವುದಿಲ್ಲ. ಜ್ವರ ನೋಡುವ ಥರ್ಮಾಮೀಟರ್ ಮಣ್ಣಿಗೆ ಬಳಸಬಾರದು. ಅದರ ವ್ಯಾಪ್ತಿ ಸಾಲದು. ಗಾಜಿನ ಮಾಪಕ ಇಡುವ ಮೊದಲು ಕಡ್ಡಿಯಿಂದ ತೂತು ಮಾಡಿಕೊಳ್ಳಬೇಕು. ಮಕ್ಕಳ ವೀಕ್ಷಣೆಯನ್ನು ಮೊದಲು ಅವರ ಮಾತಿನಲ್ಲೇ ಹಲಗೆಗೆ ಬರೆದು, ಪಾರಿಭಾಷಿಕ ಪದವನ್ನು ಆಮೇಲೆ ಪಕ್ಕಕ್ಕೆ ಸೇರಿಸಿದರೆ ಎರಡೂ ಉಳಿಯುತ್ತವೆ.